ತಲೆಯ ಮೇಲಿನ ಸ್ಪೀಕರ್: ಕೊರೆಯುವ ಮುನ್ನ ಅಳೆಯಿರಿ



ಹೋಂ ಥಿಯೇಟರ್ ಆರಿಸುವವರು ಯಜಮಾನರು ಮತ್ತು ಮಕ್ಕಳು. ಆದರೆ ಚಾವಣಿಯಲ್ಲಿ ಬಿದ್ದ ತೂತು, ಜೋತಾಡುವ ವೈರು, ಅದಕ್ಕೆ ಕಟ್ಟುವ ಜೇಡರ ಬಲೆ ನಮ್ಮ ಪಾಲಿಗೇ ತಾನೇ? ಡ್ರಿಲ್ ಹಿಡಿದವನು ಬಾಗಿಲಿಗೆ ಬರುವ ಮೊದಲೇ ನಾಲ್ಕು ವಿಷಯ ತಿಳಿದಿರಲಿ.

ಪೆಟ್ಟಿಗೆಯ ಮೇಲೆ 5.1.2 ಎಂದಿದ್ದರೆ, 5 ಎಂದರೆ ಸುತ್ತಲಿನ ಸ್ಪೀಕರ್‌ಗಳು, 1 ಎಂದರೆ ಗುಡುಗುವ ಸಬ್‌ವೂಫರ್, ಕೊನೆಯ 2 ಎಂದರೆ ಎತ್ತರದವು. ಮಳೆ, ಹೆಲಿಕಾಪ್ಟರ್ ಸದ್ದನ್ನು ಮೇಲಿನಿಂದಲೇ ಕೇಳಿಸುವುದು ಇವುಗಳ ಕೆಲಸ. ಡಾಲ್ಬಿ ಅಟ್ಮಾಸ್ ಎಂಬ ಈ ಪದ್ಧತಿ ಚಿತ್ರಮಂದಿರಕ್ಕೆ 2012ರಲ್ಲಿ ಬಂತು, ಮನೆಗಳಿಗೆ 2014ರಲ್ಲಿ.

ಎಲ್ಲಿ ಹಾಕಿಸಬೇಕು ಅಂತೀರಾ? ಅಳತೆ ಪಟ್ಟಿ ಒಂದಿದ್ದರೆ ಸಾಕು. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ ಸುಮಾರು ಮೂರೂವರೆ ಅಡಿ. ಚಾವಣಿ 10 ಅಡಿ ಇದ್ದರೆ, ಕಿವಿಯಿಂದ ಅಲ್ಲಿಗೆ ಆರೂವರೆ ಅಡಿ. ಎರಡೇ ಸ್ಪೀಕರ್ ಆದರೆ, ತಲೆಯ ನೇರಕ್ಕಿಂತ ಟಿವಿಯ ಕಡೆಗೆ ಒಂದಡಿಯಷ್ಟು ಮುಂದೆ ಇರಲಿ. ನಾಲ್ಕಾದರೆ, ತಲೆಯ ನೇರದಿಂದ ಆರೂವರೆ ಅಡಿ ಮುಂದೆ ಎರಡು, ಅಷ್ಟೇ ಹಿಂದೆ ಎರಡು. ಆಗ 45 ಡಿಗ್ರಿ ಓರೆ ತಾನಾಗಿ ಸಿಗುತ್ತದೆ. ಟಿವಿಯ ಎಡಬಲದ ಸ್ಪೀಕರ್‌ಗಳ ಸಾಲಿಗೇ ಇವೂ ಬರಲಿ. ಫ್ಯಾನಿನ ರೆಕ್ಕೆ ಅಡ್ಡ ಬರದಂತೆ ನೋಡಿಕೊಳ್ಳಿ.

ಬಾಡಿಗೆ ಮನೆಯವರು ಕೊರೆಯುವಂತಿಲ್ಲ. ಅವರಿಗೆ ಮೇಲ್ಮುಖದ ಸ್ಪೀಕರ್ ಇದೆ. ಮುಂದಿನ ಸ್ಪೀಕರ್‌ಗಳ ಮೇಲಿಟ್ಟರೆ ಸದ್ದು ಚಾವಣಿಗೆ ಬಡಿದು ನಮ್ಮತ್ತ ಇಳಿಯುತ್ತದೆ. ಚಾವಣಿ ಮಾತ್ರ ಚಪ್ಪಟೆಯಾಗಿ, ಗಟ್ಟಿಯಾಗಿ, 8ರಿಂದ 12 ಅಡಿ ಎತ್ತರದಲ್ಲಿರಬೇಕು. ಇಳಿಜಾರಿನ ಹೆಂಚಿನ ಮಾಡಿಗೆ ಇದು ಒಗ್ಗದು. ಅಂಥ ಮನೆಯಲ್ಲಿ ಟಿವಿ ಗೋಡೆಯ ತುದಿಗೆ ಸ್ಪೀಕರ್ ಹಾಕಿಸಿ, ಕೂತವರತ್ತ ಬಾಗಿಸಿ.

ಮುಖ್ಯವಾದ ಮಾತು ಈಗ. ತಾರಸಿಯೊಳಗೆ ಕರೆಂಟಿನ ಪೈಪು ಓಡಿರುತ್ತದೆ. ಎಲೆಕ್ಟ್ರಿಷಿಯನ್ ಜಾಗ ತೋರಿಸದೆ ಕೊರೆಯಲು ಬಿಡಬೇಡಿ. ಭಾರದ ಸ್ಪೀಕರನ್ನು ಬರೀ ಪಿಓಪಿ ಹಲಗೆಗೆ ತೂಗುಹಾಕಿಸಬೇಡಿ. ಮೇಲಿನ ಕಾಂಕ್ರೀಟಿಗೆ ಆಸರೆ ತಂತಿಯೂ ಇರಲಿ. ಅದರ ಕೆಳಗೆ ಮಗುವಿನ ತೊಟ್ಟಿಲು ಬೇಡವೇ ಬೇಡ. ಹೊಸ ಮನೆ ಕಟ್ಟಿಸುವವರು ತಾರಸಿ ಹಾಕುವ ಮುಂಚೆಯೇ ಖಾಲಿ ಪೈಪು ಇಡಿಸಿಬಿಡಿ, ಖರ್ಚು ಅಲ್ಪ.

ದುಡ್ಡು ಕಡಿಮೆಯಿದ್ದರೆ ಎತ್ತರದ ಸ್ಪೀಕರ್ ಆಮೇಲೆ ತಂದರಾಯಿತು. ಮೊದಲು ಟಿವಿಯ ಕೆಳಗಿನ ನಡುವಿನ ಸ್ಪೀಕರ್ ಒಳ್ಳೆಯದಿರಲಿ. ಸಿನಿಮಾದ ಮಾತೆಲ್ಲ ಬಹುಪಾಲು ಅದರಿಂದಲೇ ಬರುವುದು. ಮನೆಯ ಹಿರಿಯರಿಗೆ ಮಳೆಯ ಸದ್ದಿಗಿಂತ ಮಾತು ತಿಳಿಯುವುದು ಮುಖ್ಯ, ಅಲ್ಲವೇ?