ಜಂಟಿ ಹೆಸರಿನ ಮನೆ

ಮಕ್ಕಳ ಹೆಸರನ್ನು ಮನೆಯ ಪತ್ರಕ್ಕೆ ಸೇರಿಸಿಬಿಟ್ಟರೆ ಮುಂದಿನ ಚಿಂತೆಯೆಲ್ಲ ತೀರಿತೆಂದು ನಂಬುವ ಹಿರಿಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ವಾತ್ಸಲ್ಯದಿಂದ ಮಾಡಿದ ಈ ಕಾರ್ಯಕ್ಕಾಗಿ ವರ್ಷವರ್ಷವೂ ಹೆಚ್ಚಿನ ಕಂದಾಯ ತೆರಬೇಕಾದೀತೆಂಬುದು ಅವರಿಗೆ ಹೊಳೆಯುವುದಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಕನ್ನಡಿಗ ಕುಟುಂಬಗಳು ಅನೇಕವು ಮನೆ ಕೊಂಡು ನೆಲೆಸಿವೆ. ಆದುದರಿಂದ ಅಲ್ಲಿಯ ಕಾನೂನನ್ನು ಈ ವಾರ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ವಾಸದ ಮನೆಗೆ ರಕ್ಷಣೆಯಿರಬೇಕೆಂಬ ಭಾವನೆ ಟೆಕ್ಸಸಿನಲ್ಲಿ ಬಹಳ ಹಳೆಯದು. ಅದು ಸ್ವತಂತ್ರ ಗಣರಾಜ್ಯವಾಗಿದ್ದ 1839ರಲ್ಲಿಯೇ, ಸಾಲ ಮಾಡಿದವನ 50 ಎಕರೆ ಭೂಮಿಯನ್ನಾಗಲಿ, ಪಟ್ಟಣದಲ್ಲಿರುವ ಅವನ ವಾಸದ ನಿವೇಶನವನ್ನಾಗಲಿ ಸಾಲಕೊಟ್ಟವರು ಹರಾಜು ಹಾಕಿಸಕೂಡದೆಂಬ ಶಾಸನವಾಯಿತು. ಮುಂದೆ ಇದೇ ಭಾವನೆ ಮನೆಗಂದಾಯಕ್ಕೂ ವ್ಯಾಪಿಸಿತು. ಮಾಲೀಕನು ತಾನೇ ವಾಸಿಸುವ ಮನೆಯ ಬೆಲೆಯಲ್ಲಿ ಒಂದು ಭಾಗವನ್ನು ಕಳೆದು, ಉಳಿದುದಕ್ಕೆ ಮಾತ್ರ ಕಂದಾಯ ಕಟ್ಟುವುದಕ್ಕೆ ಅಲ್ಲಿ ‘ಹೋಮ್‌ಸ್ಟೆಡ್ ವಿನಾಯಿತಿ’ ಎಂದು ಹೆಸರು. ಶಾಲಾ ತೆರಿಗೆಯ ಮಟ್ಟಿಗೆ ಈ ವಿನಾಯಿತಿ 2023ರಲ್ಲಿ 40,000 ಡಾಲರಿನಿಂದ 1,00,000ಕ್ಕೂ, 2025ರ ನವೆಂಬರಿನ ಜನಮತದಿಂದ 1,40,000ಕ್ಕೂ ಏರಿತು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಮನೆಗೆ ಇಬ್ಬರು ಒಡೆಯರಿದ್ದು ಒಬ್ಬರು ಮಾತ್ರ ಅಲ್ಲಿ ವಾಸವಾಗಿದ್ದರೆ, ವಾಸವಿರುವವರ ಪಾಲಿನಷ್ಟಕ್ಕೆ ಮಾತ್ರ ವಿನಾಯಿತಿ ಸಲ್ಲುತ್ತದೆ. ಒಂಟಿಯಾಗಿರುವ ತಾಯಿಯೊಬ್ಬರ ಮನೆ 4,00,000 ಡಾಲರು ಬಾಳುವುದೆಂದು ಭಾವಿಸೋಣ. ಒಬ್ಬರೇ ಒಡತಿಯಾಗಿರುವವರೆಗೆ ಅವರು 2,60,000 ಡಾಲರಿಗೆ ಶಾಲಾ ತೆರಿಗೆ ಕಟ್ಟಿದರೆ ಸಾಕು. ಬೇರೆ ಊರಿನಲ್ಲಿರುವ ಮಗನಿಗೆ ಅರ್ಧ ಪಾಲು ಬರೆದುಕೊಟ್ಟರೋ, ವಿನಾಯಿತಿಯೂ ಅರ್ಧವಾಗಿ 3,30,000 ಡಾಲರಿಗೆ ಕಟ್ಟಬೇಕಾಗುತ್ತದೆ. ಮಗನು ಒಂದು ದಿನವೂ ಆ ಮನೆಯಲ್ಲಿ ಮಲಗಿಲ್ಲ. ಆದರೂ ತಾಯಿಯ ಖರ್ಚು ಏರಿತು.

ಗಂಡ ಹೆಂಡಿರಿಗೆ ಈ ಭಯವಿಲ್ಲ. ದಾಂಪತ್ಯದಲ್ಲಿ ಕೂಡಿ ಸಂಪಾದಿಸಿದ ಮನೆಗೆ ಪೂರ್ಣ ವಿನಾಯಿತಿ ದೊರೆಯುತ್ತದೆ. ಆದರೆ ಇಬ್ಬರೂ ಬೇರೆ ಬೇರೆಯಾಗಿ ಬೇಡಿ, ಒಂದೇ ಮನೆಗೆ ಎರಡು ವಿನಾಯಿತಿ ಪಡೆಯುವಂತಿಲ್ಲ.

ಹಾಗಾದರೆ ಮನೆ ಮಗನಿಗೆ ಸೇರಬೇಕೆಂಬ ತಾಯಿಯ ಆಸೆ ಈಡೇರುವುದು ಹೇಗೆ? ಅದಕ್ಕೂ ಮಾರ್ಗವಿದೆ. ತನ್ನ ಮರಣಾನಂತರ ಮನೆ ಇಂಥವರಿಗೆ ಸೇರತಕ್ಕದ್ದೆಂದು ಪತ್ರ ಬರೆದು, ಬದುಕಿರುವಾಗಲೇ ಕೌಂಟಿ ಗುಮಾಸ್ತರ ಕಚೇರಿಯಲ್ಲಿ ದಾಖಲು ಮಾಡಿಸುವ ಅವಕಾಶವನ್ನು ಟೆಕ್ಸಸ್ 2015ರಲ್ಲಿ ಕಲ್ಪಿಸಿತು. ಬದುಕಿರುವವರೆಗೆ ತಾಯಿಯೇ ಪೂರ್ಣ ಒಡತಿ. ಮನಸ್ಸು ಬದಲಾದರೆ ಪತ್ರವನ್ನು ರದ್ದುಪಡಿಸಲೂಬಹುದು. ವಿನಾಯಿತಿಗೆ ಕುಂದಿಲ್ಲ.

ತಂದೆತಾಯಿಗಳಿಂದ ಉತ್ತರಾಧಿಕಾರವಾಗಿ ಬಂದ ಮನೆಯ ಕಥೆ ಬೇರೆ. ಅಣ್ಣತಮ್ಮ, ಅಕ್ಕತಂಗಿಯರು ನಾಲ್ವರು ಹಕ್ಕುದಾರರಾಗಿದ್ದು ಒಬ್ಬರೇ ಅಲ್ಲಿ ವಾಸವಾಗಿದ್ದರೂ, 2019ರ ಸೆಪ್ಟೆಂಬರ್ 1ರಿಂದ ಅವರಿಗೆ ಪೂರ್ಣ ವಿನಾಯಿತಿ ಸಲ್ಲುತ್ತದೆ. ಪತ್ರ ಇನ್ನೂ ತೀರಿಕೊಂಡವರ ಹೆಸರಿನಲ್ಲಿಯೇ ಇದ್ದರೂ ಅಡ್ಡಿಯಿಲ್ಲ. ಮರಣಪತ್ರದ ನಕಲು, ತಮ್ಮ ಹಕ್ಕನ್ನು ತಿಳಿಸುವ ಅಫಿಡವಿಟ್ಟು, ನೀರು ಅಥವಾ ವಿದ್ಯುತ್ತಿನ ಇತ್ತೀಚಿನ ಬಿಲ್ಲು ಇವುಗಳನ್ನು ಒಪ್ಪಿಸಬೇಕು. ಅದೇ ಮನೆಯಲ್ಲಿ ವಾಸಿಸುವ ಇತರ ಹಕ್ಕುದಾರರಿದ್ದರೆ ಅವರ ಒಪ್ಪಿಗೆಯ ಅಫಿಡವಿಟ್ಟೂ ಬೇಕು. ಪಾಲು ಪಾರಿಕತ್ತಿನ ಮಾತು ಬಗೆಹರಿಯಲೆಂದು ಕಾದು ಕುಳಿತು, ಮನೆಯನ್ನು ನೋಡಿಕೊಂಡಿರುವವರೇ ಕಂದಾಯದ ಹೊರೆ ಹೊರಬೇಕಾದುದಿಲ್ಲ.

ಅರ್ಜಿಯನ್ನು ಕೌಂಟಿಯ ಮೌಲ್ಯಮಾಪನ ಕಚೇರಿಗೆ ಏಪ್ರಿಲ್ 30ರೊಳಗೆ ಕೊಡತಕ್ಕದ್ದು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳಿ ಬರುವ ಕಾಗದಗಳನ್ನು ನಂಬಬಾರದು. ಅರ್ಜಿದಾರರ ಗುರುತಿನ ಚೀಟಿಯಲ್ಲಿ ಆ ಮನೆಯ ವಿಳಾಸವೇ ಇರಬೇಕು.

ಹೆಸರು ಸೇರಿಸುವುದು ಒಂದು ಸಹಿಯ ಕೆಲಸ. ಸೇರಿಸಿದ ಹೆಸರನ್ನು ತೆಗೆಯಲು ಆ ಹೆಸರಿನವರ ಸಹಿಯೇ ಬೇಕು. ಹಿರಿಯರು ಲೇಖನಿ ಹಿಡಿಯುವ ಮೊದಲು, ಈ ಮನೆಯಲ್ಲಿ ನಿಜವಾಗಿ ಬಾಳುವವರು ಯಾರೆಂದು ಒಮ್ಮೆ ಕೇಳಿಕೊಳ್ಳಲಿ. ಕಾನೂನು ಕೇಳುವ ಪ್ರಶ್ನೆಯೂ ಅದೇ.