ಮನೆಯ ವಿಷಯ ಎನ್ನುವವರಿಗೆ

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧ ಹೊರಗಿನ ಜಗತ್ತು ಮಾಡಿದ್ದೆಲ್ಲ ಬರೀ ಉಪದ್ವ್ಯಾಪ, ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ ಎಂದು ವಾದಿಸುವವರು ಈಗಲೂ ಇದ್ದಾರೆ. ಅವರ ಮಾತನ್ನು ಕೇಳಿ ಸುಮ್ಮನಿದ್ದರೆ ಅದೇ ಚರಿತ್ರೆಯಾಗಿ ಉಳಿದುಬಿಡುತ್ತದೆ. ಹಾಗಾಗಿ ಈ ಉತ್ತರ.

ಒಂದು ದೇಶ ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎನ್ನುವುದು ಅದರ ಮನೆಯ ವಿಷಯ, ಅನ್ಯರು ತಲೆಹಾಕಬಾರದು ಎನ್ನುವುದು ಅವರ ಮೊದಲ ಆಕ್ಷೇಪ. 1946ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇದೇ ಮಾತನ್ನು ಆಡಿದವರು ದಕ್ಷಿಣ ಆಫ್ರಿಕಾದ ಪ್ರಧಾನಿ ಜಾನ್ ಸ್ಮಟ್ಸ್. ಮಾನವನ ಘನತೆಯ ಬಗ್ಗೆ ಮಾತಾಡುವ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಕೈಜೋಡಿಸಿದ್ದವರೂ ಅವರೇ. ಭಾರತೀಯ ಮೂಲದವರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ಬಾಳಬಹುದು ಎಂದು ಗೆರೆ ಎಳೆಯುವ ಕಾನೂನನ್ನು ಅವರ ಸರ್ಕಾರ ಆ ವರ್ಷ ತಂದಿತ್ತು. ಇನ್ನೂ ಸ್ವಾತಂತ್ರ್ಯವೇ ಸಿಗದ ಭಾರತ ದೂರು ಒಯ್ದಿತು, ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರವನ್ನೇ ನಿಲ್ಲಿಸಿತು. ವಿಜಯಲಕ್ಷ್ಮಿ ಪಂಡಿತರ ನಿಯೋಗ ಮೂರನೇ ಎರಡರಷ್ಟು ಬಹುಮತ ಗಳಿಸಲೇಬೇಕಿತ್ತು. ಡಿಸೆಂಬರ್ 8ರಂದು ನಿರ್ಣಯದ ಪರ 32, ವಿರುದ್ಧ 15 ಮತ ಬಿದ್ದವು. ‘ಮನೆಯ ವಿಷಯ’ ಎಂಬ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಆ ದಿನ. ಬಿರುಕು ಬಿಡಿಸಿದವರು ನಾವು.

ಆರ್ಥಿಕ ದಿಗ್ಬಂಧನದಿಂದ ನರಳಿದ್ದು ಬಡ ಕಪ್ಪು ಕಾರ್ಮಿಕರೇ ಎನ್ನುತ್ತಾರೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ವಾದವೂ ಇದೇ ಆಗಿತ್ತು. ಕೆಲಸ ಹೋದವರಿದ್ದರು, ನಿಜ. ಆದರೆ ಬಹಿಷ್ಕಾರ ಬೇಕೆಂದು ಕೇಳಿದವರು ಯಾರು? ದಕ್ಷಿಣ ಆಫ್ರಿಕಾದ ಕಪ್ಪು ನಾಯಕ ಆಲ್ಬರ್ಟ್ ಲುಥುಲಿ ಕೇಳಿದರು, ಬಿಷಪ್ ಡೆಸ್ಮಂಡ್ ಟುಟು ಕೇಳಿದರು, ಕಪ್ಪು ಕಾರ್ಮಿಕರ ಸಂಘಟನೆಗಳೇ ಕೇಳಿದವು. ಕಪ್ಪು ಜನರ ಹಿತಕ್ಕೇ ದಿಗ್ಬಂಧನ ಬೇಡ ಎನ್ನುತ್ತಿದ್ದ ದಕ್ಷಿಣ ಆಫ್ರಿಕಾ ಸರ್ಕಾರ, 1986ರ ತುರ್ತುಸ್ಥಿತಿಯ ನಿಯಮಗಳಲ್ಲಿ ದಿಗ್ಬಂಧನದ ಪರ ಮಾತಾಡುವುದನ್ನೇ ಅಪರಾಧ ಮಾಡಿತು. ಜನರ ಅಭಿಪ್ರಾಯ ತನ್ನ ಕಡೆಗಿದೆ ಎಂಬ ನಂಬಿಕೆ ಇದ್ದಿದ್ದರೆ ಅವರ ಬಾಯಿ ಕಟ್ಟುವ ಅಗತ್ಯ ಏನಿತ್ತು? ಹಸಿದವನ ಹೆಸರಿನಲ್ಲಿ ಮಾತಾಡುವ ಮೊದಲು ಅವನನ್ನೇ ಕೇಳಬೇಕು.

ಇಲ್ಲಿ ಐರ್ಲೆಂಡಿನ ಕಥೆಯೊಂದನ್ನು ಹೇಳಲೇಬೇಕು. 1984ರ ಜುಲೈನಲ್ಲಿ ಡಬ್ಲಿನ್ನಿನ ಒಂದು ದೊಡ್ಡ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿದ್ದ 21 ವರ್ಷದ ಯುವತಿ, ದಕ್ಷಿಣ ಆಫ್ರಿಕಾದಿಂದ ಬಂದ ಎರಡು ಗ್ರೇಪ್‌ಫ್ರೂಟ್ ಹಣ್ಣುಗಳಿಗೆ ಬಿಲ್ ಹಾಕಲಾರೆ ಎಂದಳು. ಆ ದೇಶದ ಮಾಲು ಮುಟ್ಟಬೇಡಿ ಎಂದು ಅವಳ ಕಾರ್ಮಿಕ ಸಂಘ ಹೇಳಿತ್ತು. ಅವಳನ್ನು ಅಮಾನತು ಮಾಡಿದಾಗ ಸಹೋದ್ಯೋಗಿಗಳೂ ಹೊರಬಂದರು. ಮುಷ್ಕರದ ಪುಡಿಗಾಸಿನಲ್ಲಿ ಸಂಸಾರ ತೂಗಿಸುತ್ತ ಅವರು ಮೂರು ವರ್ಷದ ಹತ್ತಿರ ಹತ್ತಿರ ಬೀದಿಯಲ್ಲಿ ನಿಂತರು. ಟುಟು ಅವರ ಆಹ್ವಾನದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಲಾಯಿತು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ಆಮದನ್ನೇ ನಿಷೇಧಿಸಿತು. ಅಂತರರಾಷ್ಟ್ರೀಯ ಪ್ರಯತ್ನ ಅಂದರೆ ದೊಡ್ಡವರ ಭಾಷಣ ಎಂದುಕೊಂಡವರು ಈ ಅಂಗಡಿ ಕೆಲಸಗಾರರನ್ನು ನೆನೆಯಲಿ.

ಕ್ರೀಡೆಯಲ್ಲಿ ರಾಜಕೀಯ ಬೇಡ ಎನ್ನುವವರಿಗೆ ಉತ್ತರ ಚಿಕ್ಕದು. ಆಟಗಾರನನ್ನು ಚರ್ಮದ ಬಣ್ಣ ನೋಡಿ ಆರಿಸಿದಾಗಲೇ ಮೈದಾನಕ್ಕೆ ರಾಜಕೀಯ ಬಂದಿತ್ತು. 1974ರ ಡೇವಿಸ್ ಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಆಡಲು ಒಪ್ಪದೆ ಭಾರತ ಟ್ರೋಫಿಯನ್ನೇ ಬಿಟ್ಟುಕೊಟ್ಟಿತು.

ವರ್ಣಭೇದವನ್ನು ಮುಗಿಸಿದ್ದು ಶೀತಲ ಸಮರದ ಅಂತ್ಯ, ಹೊರಗಿನ ಒತ್ತಡವಲ್ಲ ಎನ್ನುವವರೂ ಇದ್ದಾರೆ. ತಾರೀಖುಗಳನ್ನು ನೋಡಿ. ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರಿನಲ್ಲಿ. ಅದಕ್ಕೂ ನಾಲ್ಕು ವರ್ಷ ಮುಂಚೆ, 1985ರಲ್ಲಿ, ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಸಾಲದ ಅವಧಿ ಮುಂದುವರಿಸಲು ನಿರಾಕರಿಸಿತ್ತು, ದಕ್ಷಿಣ ಆಫ್ರಿಕಾದ ನಾಣ್ಯ ರ‍್ಯಾಂಡ್ ಕುಸಿದಿತ್ತು, ಷೇರುಪೇಟೆಗೆ ಕೆಲದಿನ ಬೀಗ ಬಿದ್ದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ಬಿಳಿ ಉದ್ಯಮಿಗಳು ಜಾಂಬಿಯಾಕ್ಕೆ ಹೋಗಿ, ತಮ್ಮ ಸರ್ಕಾರ ನಿಷೇಧಿಸಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ನಾಯಕರ ಜೊತೆ ಮಾತಿಗೆ ಕೂತರು. ಮುಂದಿನ ವರ್ಷ ಅಧ್ಯಕ್ಷ ರೇಗನ್ ಅವರ ವೀಟೋವನ್ನು ತಳ್ಳಿಹಾಕಿ ಅಮೆರಿಕದ ಸಂಸತ್ತು ದಿಗ್ಬಂಧನ ಕಾನೂನು ತಂದಿತು. ಮೊದಲ ಶ್ರೇಯ ಅಲ್ಲಿನ ಬೀದಿಗಳಲ್ಲಿ ಗುಂಡಿಗೆ ಎದೆಯೊಡ್ಡಿದ ಜನರದ್ದೇ, ಅದರಲ್ಲಿ ಎರಡು ಮಾತಿಲ್ಲ. ಹೊರಗಿನವರು ಮಾಡಿದ್ದು, ಆ ಗುಂಡಿಗೆ ಹಣ ಒದಗಿಸುವುದನ್ನು ನಿಲ್ಲಿಸಿದ್ದು.

ಕೊನೆಯ ಆಕ್ಷೇಪ ಮಾತ್ರ ಮನಸ್ಸಿಗೆ ತಾಗುತ್ತದೆ. ಜಾತಿಯನ್ನು ಮನೆಯಲ್ಲಿಟ್ಟುಕೊಂಡ ನಿಮಗೆ ಇನ್ನೊಬ್ಬರ ವರ್ಣಭೇದ ಪ್ರಶ್ನಿಸುವ ಹಕ್ಕೆಲ್ಲಿದೆ ಎಂದು ಕೇಳುತ್ತಾರೆ. ಆರೋಪ ಸುಳ್ಳಲ್ಲ. ಭಾರತ ದೂರು ಒಯ್ದ ಅದೇ 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬೊಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅರ್ಜಿಯ ಪ್ರತಿ ಕೇಳಿದ್ದರು. ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದರು. 1965ರ ಜನಾಂಗೀಯ ತಾರತಮ್ಯ ನಿವಾರಣೆಯ ಒಡಂಬಡಿಕೆಯಲ್ಲಿ ‘ವಂಶ’ ಎಂಬ ಅರ್ಥದ ಪದ ಸೇರಿದ್ದು ಭಾರತದ ಸೂಚನೆಯಿಂದಲೇ. ಆದರೆ ಜನಾಂಗೀಯತೆಯ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ದಲಿತರು ತಮ್ಮ ಅಹವಾಲು ಹಿಡಿದು ಹೋದಾಗ, ಜಾತಿ ಜನಾಂಗವಲ್ಲ, ಅದು ನಮ್ಮ ಒಳಗಿನ ವಿಷಯ ಎಂಬ ನಿಲುವು ತಳೆದದ್ದು ನಮ್ಮದೇ ಸರ್ಕಾರ. ಸ್ಮಟ್ಸ್ ಆಡಿದ್ದ ಮಾತನ್ನು ನಾವು ಎತ್ತಿಕೊಂಡಿದ್ದೆವು. ವಂಶ ಎಂದರೆ ಜಾತಿಯೂ ಸೇರಿದೆ ಎಂದು ವಿಶ್ವಸಂಸ್ಥೆಯ ಸಮಿತಿ 2002ರಲ್ಲಿ ಸ್ಪಷ್ಟಪಡಿಸಿತು. 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿದಾಗಲೂ, ಇದು ಜನಾಂಗೀಯ ದಾಳಿ ಅಲ್ಲ ಎಂಬ ಮಾತೇ ಮೊದಲು ಬಂತು.

ನಮ್ಮಲ್ಲಿ ತಪ್ಪಿದೆ ಎಂದು ಬೇರೆಡೆಯ ತಪ್ಪನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ನಮ್ಮ ಬಾಗಿಲನ್ನೂ ತೆರೆಯುವುದು ನ್ಯಾಯ. 1965ರ ಆ ಒಡಂಬಡಿಕೆಯ 14ನೇ ವಿಧಿಯನ್ನು ಒಪ್ಪಿದ ದೇಶದ ಪ್ರಜೆ, ತನ್ನ ದೇಶದಲ್ಲಿ ನ್ಯಾಯ ಸಿಗದಿದ್ದರೆ ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ದಕ್ಷಿಣ ಆಫ್ರಿಕಾ ಅದನ್ನು 1998ರಲ್ಲಿ ಒಪ್ಪಿತು. ಭಾರತ ಒಪ್ಪಿಲ್ಲ.