ಗಿರಣಿಯ ಬಾಗಿಲೂ ಗಡಿಯ ಮಾತೂ



ಊರ ಕಟ್ಟೆಯ ಮೇಲೆ ರಾಜಕೀಯದ ಮಾತು ಕಾವೇರಿದಾಗಲೆಲ್ಲ ನಮಗೆ ಸೊಲ್ಲಾಪುರದ ನೆನಪಾಗುತ್ತದೆ. ಸುತ್ತಲಿನ ಬರದ ಹೊಲಗಳನ್ನು ಬಿಟ್ಟು ನಮ್ಮ ಹಿರಿಯರು ಹೊಟ್ಟೆಯ ಪಾಡಿಗಾಗಿ ಸೇರಿದ ಊರು ಅದು. ಕನ್ನಡಿಗನೂ ತೆಲುಗನೂ ಮರಾಠಿಗನೂ ಅಲ್ಲಿ ಒಂದೇ ಭೋಂಗಾದ ಕೂಗಿಗೆ ಎದ್ದು, ಒಂದೇ ಗಿರಣಿಯ ಧೂಳನ್ನು ಕುಡಿದು ಬಾಳಿದರು.

1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ವಾರ್ತೆ ಮುಟ್ಟಿದೊಡನೆ ಆ ನಗರದಲ್ಲಿ ಹರತಾಳವಾಯಿತು. 8ನೆಯ ತಾರೀಖು ಪೋಲೀಸರ ಗುಂಡು ಜನರ ಮೇಲೆ ಹಾರಿತು. ರೊಚ್ಚಿಗೆದ್ದ ಗುಂಪು ಪೋಲೀಸು ಚೌಕಿಗೂ ನ್ಯಾಯಾಲಯಕ್ಕೂ ಬೆಂಕಿಯಿಟ್ಟಿತು. ಪೋಲೀಸರೂ ಪ್ರಾಣ ಕಳೆದುಕೊಂಡರು. ಕೆಲವು ದಿನ ನಗರದಲ್ಲಿ ಪರಕೀಯರ ಆಡಳಿತವೇ ಇಲ್ಲವಾಗಿ, 12ರಂದು ಲಷ್ಕರೀ ಕಾಯಿದೆ ಬಂದಿತು. ಕೊಲೆಯ ಆರೋಪ ಹೊರಿಸಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆ ಹೆಸರುಗಳನ್ನು ಇನ್ನೊಮ್ಮೆ ಓದಿ ನೋಡಿರಿ. ಜಾತಿ ಒಂದಲ್ಲ, ಮತ ಒಂದಲ್ಲ; ಕೊರಳಿಗೆ ಬಿದ್ದ ಉರುಲು ಮಾತ್ರ ಒಂದೇ.

ಸ್ವಾತಂತ್ರ್ಯ ಬಂದ ಮೇಲೆಯೂ ಕಾರ್ಮಿಕನ ಕಷ್ಟ ತೀರಲಿಲ್ಲ. 1949ರ ಆಗಸ್ಟಿನಲ್ಲಿ ಸೊಲ್ಲಾಪುರದ ನೂಲುವ ನೇಯುವ ಕಂಪೆನಿಯ ಗಿರಣಿ ಬಾಗಿಲಿಕ್ಕಿತು. 1950ರ ಜನವರಿಯಲ್ಲಿ ಕೇಂದ್ರ ಸರಕಾರವು ಸುಗ್ರೀವಾಜ್ಞೆಯ ಮೂಲಕ ಅದರ ಆಡಳಿತವನ್ನು ವಹಿಸಿಕೊಂಡಿತು. ಪಾಲುದಾರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1950ರಲ್ಲಿ ಒಬ್ಬರ ಅರ್ಜಿ ಬಿದ್ದುಹೋಯಿತು; 1953ರಲ್ಲಿ ಇನ್ನೊಬ್ಬರ ವ್ಯಾಜ್ಯದಲ್ಲಿ ಆ ಶಾಸನವೇ ಅಸಿಂಧುವೆಂದು ತೀರ್ಪಾಯಿತು. ಬಂಡವಾಳದ ಹಕ್ಕನ್ನು ವಾದಿಸಲು ವಕೀಲರಿದ್ದರು. ಮುಚ್ಚಿದ ಬಾಗಿಲ ಹೊರಗೆ ನಿಂತವನಿಗೆ ತನ್ನ ಸಂಘವಲ್ಲದೆ ಬೇರೆ ಯಾರಿದ್ದರು?

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. 1967ರ ಮಹಾಜನ ಆಯೋಗದ ವರದಿಯೂ ಕಾರ್ಯರೂಪಕ್ಕೆ ಬರಲಿಲ್ಲ. ಅಂದಿನಿಂದ ನಮ್ಮವರಲ್ಲಿಯೇ ಎರಡು ಮಾತು ನಡೆದಿವೆ. ಒಬ್ಬನು ಮೊದಲು ಭಾಷೆ, ಕೂಲಿಯ ಮಾತು ಆಮೇಲೆ ಎನ್ನುತ್ತಾನೆ. ಇನ್ನೊಬ್ಬನು ಭಾಷೆಯು ಉಂಡವರ ಹರಟೆ, ಬಡವನಿಗೆ ರೊಟ್ಟಿ ಸಾಕು ಎನ್ನುತ್ತಾನೆ. ಇಬ್ಬರೂ ತಪ್ಪಿದ್ದಾರೆಂದು ನಾವು ತಿಳಿಯುತ್ತೇವೆ. ತಾನು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಪಕ್ಕದ ಮಗ್ಗದವನ ಮಾತು ಬೇರೆಯೆಂದು ಸಂಘವನ್ನು ಒಡೆಯುವವನು ಭಾಷೆಯನ್ನೂ ಉಳಿಸಲಾರನು.

ಹಳೆಯ ಗಿರಣಿಗಳ ವೈಭವ ಇಂದಿಲ್ಲ. ಆದರೆ ವಿದ್ಯುತ್ ಮಗ್ಗಗಳ ಮುಂದೆ, ಬೀಡಿ ಕಟ್ಟುವ ಮನೆಗಳಲ್ಲಿ, ಕಬ್ಬು ಕಡಿಯುವ ಹೊಲಗಳಲ್ಲಿ ನಮ್ಮ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ದುಡಿಯುತ್ತಲೇ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ಸಂಘವನ್ನು ಬಿಡಬೇಡಿರಿ, ಸಂಘದ ಸಭೆಯಲ್ಲಿ ಕನ್ನಡದ ಮಾತಿಗೂ ಕನ್ನಡದ ಸೂಚನಾಪತ್ರಕ್ಕೂ ಸ್ಥಳ ಕೇಳಿರಿ. ಕೂಲಿಯ ಲೆಕ್ಕವನ್ನು ಓದಿಸಿ ಕೇಳದೆ ಸಹಿ ಮಾಡಬೇಡಿರಿ. ಅನ್ಯಾಯವಾದರೆ ದೂರನ್ನು ಕನ್ನಡದಲ್ಲಿಯೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ಪ್ರತಿಯೊಬ್ಬರಿಗೂ ಕೊಟ್ಟಿದೆ. ಇದು ಯಾರ ದಯೆಯೂ ಅಲ್ಲ.

ವಾದ ನಡೆಯಲಿ, ಬಿಸಿಯಾಗಿಯೇ ನಡೆಯಲಿ. ಕಲ್ಲು ಎತ್ತುವ ಕೈಯನ್ನು ಮಾತ್ರ ತಡೆಯಿರಿ. ಗದ್ದಲದ ಮರುದಿನ ಸೆರೆಗೆ ಹೋಗುವವನು ಬಡವನೇ ಎಂಬುದನ್ನು ಸೊಲ್ಲಾಪುರದ ಚಾರ್ ಹುತಾತ್ಮ ಚೌಕದಲ್ಲಿ ನಿಂತವರು ಬಲ್ಲರು.